ಯಲಹಂಕದ ಸಂತೆಯಲ್ಲಿ ಗ್ರೀಸಿನ ಸೊಪ್ಪು

ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳ ದಾಟಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣವನ್ನು ಹಿಂದೆ ಬಿಟ್ಟರೆ ಯಲಹಂಕ. ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ನಾನು, ಪಿಯುಸಿ ಓದುವ ಮಗಳು ಹಾಗೂ ಎಂಬತ್ತು ದಾಟಿದ ನನ್ನ ತಾಯಿ ಇಲ್ಲಿನ ಹಳೇ ಊರಿನ ಸಂತೆ ಸರ್ಕಲ್ಲಿಗೆ ಹೊರಟೆವು. ಗ್ರೀಸ್ ದೇಶದ ಅಡುಗೆಗೆ ಸೊಪ್ಪು ತರಲು ಹೋದೆವು ಎಂದರೆ ನೀವು ನಗಬಹುದು.

ಮಗಳಿಗೆ ಮೆಡಿಟರೇನಿಯನ್ ಅಡುಗೆಯ ಹುಚ್ಚು ಹಿಡಿದಿತ್ತು. ಆಲಿವ್ ಎಣ್ಣೆಯ ಬೆಲೆ ನೋಡಿ, ಇದು ಮೇಷ್ಟ್ರ ಮನೆಗೆ ಒಗ್ಗುವುದಲ್ಲ ಎಂದು ನಾನು ಗೊಣಗಿದ್ದೆ. ಆದರೆ ಅವಳು ಬರೆದುಕೊಂಡಿದ್ದ ‘ಹೋರ್ತಾ’ ಮಾಡುವ ವಿಧಾನ ಓದಿ ಬೆರಗಾದೆ. ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ನಾಲ್ಕಾರು ಬಗೆಯ ಸೊಪ್ಪು ಬೇಯಿಸಿ, ಬಸಿದು, ಎಣ್ಣೆ, ನಿಂಬೆರಸ ಬೆರೆಸಿ ತಿನ್ನುವುದು. ಇದು ನಮ್ಮ ಬೆರಕೆ ಸೊಪ್ಪಲ್ಲವೇ?

ಹೆಸರು ಹುಡುಕುತ್ತ ಹೋದಂತೆ ನೆಂಟಸ್ತಿಕೆ ಇನ್ನೂ ಗಟ್ಟಿಯಾಯಿತು. ಗ್ರೀಕರ ‘ವ್ಲೀತಾ’ ನಮ್ಮ ದಂಟಿನ ಕುಲದ್ದು. ‘ಗ್ಲಿಸ್ತ್ರೀದಾ’ ನಮ್ಮ ಗೋಣಿ ಸೊಪ್ಪು. ‘ಸ್ತೀಫ್ನೋ’ ನಮ್ಮ ಗಣಿಕೆ. ಗೋಣಿ ಸೊಪ್ಪಿನಲ್ಲಿ ಒಮೆಗಾ-3 ಕೊಬ್ಬಿನಾಮ್ಲ ಇರುವುದು 1986ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ಪ್ರಕಟವಾಯಿತು. ಆನ್ಸೆಲ್ ಕೀಸ್ 1958ರಲ್ಲಿ ಆರಂಭಿಸಿದ ಏಳು ದೇಶಗಳ ಅಧ್ಯಯನದಲ್ಲಿ ಹೃದಯರೋಗದಿಂದ ಸಾಯುವವರು ತೀರ ಕಡಿಮೆ ಎಂದು ಕಂಡ ಕ್ರೀಟ್ ದ್ವೀಪದವರು ಇಂಥ ಸೊಪ್ಪು, ಕಾಳು, ಆಲಿವ್ ಎಣ್ಣೆ ಉಣ್ಣುತ್ತಿದ್ದ ಬಡ ರೈತರು. ಆ ಊಟವನ್ನು 2010ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಂತೆಯಲ್ಲಿ ನನ್ನ ಮರ್ಯಾದೆ ಹೋಯಿತು. ‘ಸೊಲಾನಮ್ ನೈಗ್ರಮ್’ ಎಂದು ಇಪ್ಪತ್ತೈದು ವರ್ಷ ಮಕ್ಕಳಿಗೆ ಬರೆಸಿದವನಿಗೆ ರಾಶಿಯಲ್ಲಿ ಗಣಿಕೆ ಯಾವುದೆಂದು ತಿಳಿಯಲಿಲ್ಲ. ಕಣ್ಣಿಗೆ ಪೊರೆ ಬಂದಿರುವ ಅಮ್ಮ ಎಲೆ ಹೊಸಕಿ, ಮೂಸಿ, ಒಂದೊಂದೇ ಹೆಸರು ಹೇಳಿದಳು. ಮಗಳು ಬರೆದುಕೊಂಡಳು. ಕೊನೆಗೆ ಅಮ್ಮ, ‘ಅಣ್ಣೆ ಸೊಪ್ಪು ಇಲ್ವೇನಮ್ಮ?’ ಎಂದು ಕೇಳಿದಳು. ಅದು ರಾಗಿ ಹೊಲದ ಕಳೆ. ಸೊಪ್ಪಿನಾಕೆ ನಕ್ಕು, ‘ಹೊಲಾನೇ ಸೈಟಾಗೈತಲ್ಲ ಅಜ್ಜಿ, ಎಲ್ಲಿಂದ ತರ್ಲಿ?’ ಎಂದಳು.

ಮನೆಯಲ್ಲಿ ಮಗಳೇ ಒಲೆ ಹಚ್ಚಿದಳು. ಅರ್ಧ ಕಿಲೊ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದು, ಕುದಿಯುವ ಉಪ್ಪುನೀರಿಗೆ ಮೊದಲು ದಂಟು, ಆಮೇಲೆ ಎಳೆಯ ಎಲೆ. ಗಣಿಕೆಯ ಹಸಿರು ಕಾಯಿ ವಿಷಕಾರಿ, ಅದನ್ನು ತಪ್ಪದೆ ತೆಗೆಯಬೇಕು. ಹತ್ತು ನಿಮಿಷ ಬೇಯಿಸಿ ಬಸಿದು, 3 ಚಮಚ ಎಣ್ಣೆ, ಒಂದು ನಿಂಬೆಹಣ್ಣಿನ ರಸ. ಆಲಿವ್ ಎಣ್ಣೆಯಲ್ಲಿರುವ ಒಲೀಕ್ ಆಮ್ಲ ಕಡಲೆಕಾಯಿ ಎಣ್ಣೆಯಲ್ಲೂ ಸಾಕಷ್ಟಿರುವುದರಿಂದ ನಾವು ಅದನ್ನೇ ಹಾಕಿದೆವು. ನಿಂಬೆಯ ‘ಸಿ’ ಜೀವಸತ್ವ ಸೊಪ್ಪಿನ ಕಬ್ಬಿಣವನ್ನು ದೇಹ ಹೀರಲು ನೆರವಾಗುತ್ತದೆ. ಬಿಸಿಗೆ ಅದು ನಾಶವಾಗುವುದರಿಂದ ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಬಸಿದ ನೀರಿಗೆ ನಿಂಬೆ ಹಿಂಡಿ ಕುಡಿಯುವವರು ಗ್ರೀಸಿನಲ್ಲಿದ್ದಾರೆ. ಅಮ್ಮ ಅದಕ್ಕೆ ಖಾರ ರುಬ್ಬಿ ಹಾಕಿ ಬಸ್ಸಾರು ಮಾಡಿದಳು. ಒಂದೇ ಪಾತ್ರೆಯಿಂದ ಎರಡು ದೇಶದ ಊಟ!

ಓದುವ ಮಕ್ಕಳೇ, ಈ ರಜೆಯಲ್ಲಿ ಅಜ್ಜಿಯನ್ನು ಒಮ್ಮೆ ಸೊಪ್ಪಿನವರ ಬಳಿ ಕರೆದೊಯ್ಯಿರಿ. ಆದರೆ ಚರಂಡಿ ನೀರು ಸೇರುವ ಕೆರೆಯಂಚಿನಲ್ಲಿ ನೀವೇ ಸೊಪ್ಪು ಕೀಳಬೇಡಿ. ಕೊಳಚೆಯಲ್ಲಿರುವ ಸೀಸದಂಥ ಲೋಹಗಳು ಎಲೆಗೂ ಸೇರುತ್ತವೆ. ಗುರುತು ಸಿಗದ ಎಲೆ ಬೇಡವೇ ಬೇಡ.

ಮಗಳ ಪುಸ್ತಕದಲ್ಲಿ ಈಗ ಒಣಗಿಸಿ ಅಂಟಿಸಿದ ಏಳು ಎಲೆಗಳಿವೆ. ಎಂಟನೆಯ ಪುಟದ ಮೇಲೆ ‘ಅಣ್ಣೆ ಸೊಪ್ಪು’ ಎಂದಷ್ಟೇ ಬರೆದಿದೆ. ಆ ಎಲೆಯನ್ನು ಅಮ್ಮನಿಂದಲೇ ಗುರುತು ಹಿಡಿಸಬೇಕು. ಮುಂದಿನ ಭಾನುವಾರ ದೊಡ್ಡಬಳ್ಳಾಪುರದ ಕಡೆ ರಾಗಿ ಹೊಲ ಹುಡುಕಿಕೊಂಡು ಹೊರಟಿದ್ದೇವೆ.