ಗಾಳಿಯಲ್ಲಿ ಗೊಂಬೆ ಕಡೆಯುವುದು

ನಮ್ಮ ರಾಮನಗರವನ್ನು ದೇಶಕ್ಕೆ ಪರಿಚಯಿಸಿದವನು ಎರಡೂ ಕೈಯಿಲ್ಲದ ಮನುಷ್ಯ. 1975ರಲ್ಲಿ ತೆರೆಕಂಡ ‘ಶೋಲೆ’ಯ ಠಾಕೂರ್ ಶಾಲು ಹೊದ್ದು ರಾಮದೇವರ ಬೆಟ್ಟದ ಬಂಡೆಗಳ ನಡುವೆ ನಿಂತದ್ದೇ ನಿಂತದ್ದು, ಊರಿನ ಹೆಸರು ಹೇಳಿದರೆ ಇವತ್ತಿಗೂ ಜನಕ್ಕೆ ಮೊದಲು ನೆನಪಾಗುವುದು ಆ ಖಾಲಿ ತೋಳುಗಳು. ಈಗ ಜಿಲ್ಲೆಯ ಹೆಸರೂ ಬದಲಾಗಿ ನಾವೆಲ್ಲ ಬೆಂಗಳೂರು ದಕ್ಷಿಣದವರಾಗಿದ್ದೇವೆ. ಠಾಕೂರ್ ಮಾತ್ರ ರಾಮನಗರದವನಾಗಿಯೇ ಉಳಿದ.

ಇದು ನಮಗೆ ಆದ ಅನ್ಯಾಯ. ಈ ಸೀಮೆ ಉಂಡದ್ದೇ ಕೈಯನ್ನು ನಂಬಿ. ಕನಕಪುರದ ಕಡೆ ಹೆಂಗಸರು ತಟ್ಟೆ ತುಂಬ ಹರಿದಾಡುವ ರೇಷ್ಮೆಹುಳುಗಳಲ್ಲಿ ಹಣ್ಣಾದವನ್ನಷ್ಟೇ ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಾರೆ, ಅತ್ತೆಯ ಮೇಲಿನ ದೂರನ್ನು ನಡುವೆ ಎಲ್ಲೂ ನಿಲ್ಲಿಸದೆ. ರಾಮನಗರದಲ್ಲಿ ಗೂಡಿನಿಂದ ನೂಲು ಬಿಚ್ಚುವವರು ಬಿಸಿನೀರಿನ ಬೇಸಿನ್ನಿಗೆ ಬೆರಳದ್ದಿ, ಕೂದಲಿಗಿಂತ ತೆಳ್ಳಗಿನ ಎಳೆಯ ತುದಿ ಹುಡುಕಿ, ಓಡುತ್ತಿರುವ ನೂಲಿಗೆ ಸೇರಿಸುತ್ತಾರೆ. ಚನ್ನಪಟ್ಟಣದ ಮಾತು ಆಮೇಲೆ ಹೇಳುತ್ತೇನೆ.

ಇಂಥ ಸೀಮೆಯಲ್ಲಿ ಹುಟ್ಟಿ ನಾನು ಮೇಷ್ಟ್ರಾದೆ. ನನ್ನ ಕೈಗೆ ಗೊತ್ತಿದ್ದ ಕಸುಬು ಎರಡೇ: ಸೀಮೆಸುಣ್ಣದಲ್ಲಿ ಬರೆಯುವುದು, ಅದನ್ನೇ ಹಿಂದಿನ ಬೆಂಚಿಗೆ ಎಸೆಯುವುದು. ಎರಡನೆಯದರಲ್ಲಿ ಗುರಿ ಚೆನ್ನಾಗಿತ್ತು.

ನಿವೃತ್ತಿಯಾದ ಮೇಲೆ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದಾಗ ಒಳಗಿನಿಂದ ಹೊರಬಂದದ್ದು ಬೇರೆ ಯಾರದೋ ಕೈ. ಅಂಗಿಯ ಗುಂಡಿ ಅದರ ಮಾತು ಕೇಳುತ್ತಿರಲಿಲ್ಲ. ಫಿಜಿಯೋಥೆರಪಿಯ ಹುಡುಗಿ ತೂತಿನ ಹಲಗೆಯೊಂದನ್ನು ಮುಂದಿಟ್ಟು, ಪುಟ್ಟ ಕಡ್ಡಿಗಳನ್ನು ಒಂದೊಂದಾಗಿ ತೂತಿಗೆ ಇಳಿಸಿ ಎಂದಳು. 1948ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೋಸೆಫ್ ಟಿಫಿನ್ ಕಾರ್ಖಾನೆಗೆ ಕೆಲಸಗಾರರನ್ನು ಆರಿಸಲು ಇಂಥದೇ ಹಲಗೆ ಮಾಡಿದ್ದನಂತೆ. ಆ ಲೆಕ್ಕದಲ್ಲಿ ನನ್ನನ್ನು ಯಾವ ಕಾರ್ಖಾನೆಯ ಗೇಟಿನೊಳಕ್ಕೂ ಬಿಡುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಅಳಿಯಂದಿರಿಗೆ ಇದೆಲ್ಲ ಕೇಳಿ ಉತ್ಸಾಹ ಬಂತು. ಮುಂದಿನ ಭಾನುವಾರ ಒಂದು ವಿಆರ್ ಹೆಡ್‌ಸೆಟ್ ಹಿಡಿದುಕೊಂಡೇ ಇಳಿದರು. “ಮಾವ, ಆಟ ಆಡ್ತಾ ಆಡ್ತಾ ಕೈ ಸರಿಹೋಗುತ್ತೆ. ಮುಟ್ಟಿದ್ದು ಕೈಗೆ ಗೊತ್ತಾಗುತ್ತೆ, ನೋಡ್ತಿರಿ.” ಕಣ್ಣಿಗೆ ಕಟ್ಟಿ, ಎರಡು ಕೈಗೆ ಎರಡು ಹಿಡಿ ಕೊಟ್ಟರು. ಬೀಟ್ ಸೇಬರ್ ಎಂಬ ಆಟ. ಹಾಡಿನ ತಾಳಕ್ಕೆ ಎದುರಿನಿಂದ ಚೌಕಗಳು ಹಾರಿ ಬರುತ್ತವೆ, ಬೆಳಕಿನ ಕತ್ತಿಯಿಂದ ಕಡಿಯಬೇಕು. ಕಡಿದಾಗಲೆಲ್ಲ ಕೈಯೊಳಗಿನ ಹಿಡಿ ಗುಂಯ್ ಎನ್ನುತ್ತದೆ. ನಾನು ನಡುಮನೆಯಲ್ಲಿ ನಿಂತು ವೀರಾವೇಶದಲ್ಲಿದ್ದಾಗ ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳಲು ಬಂದು ಬಾಗಿಲಲ್ಲೇ ಕೈಮುಗಿದು ನಿಂತರಂತೆ.

“ಏನಿಲ್ಲ ಬನ್ನಿ, ಫಿಜಿಯೋ ಮಾಡ್ತಿದಾರೆ” ಎಂದಳು ನಮ್ಮವಳು.

“ಅಯ್ಯೋ, ಮೇಷ್ಟ್ರ ಮೈಮೇಲೆ ದೇವರು ಬಂದಿದೆ ಅಂದ್ಕೊಂಡೆ. ನಮ್ಮ ಓಲೆ ಎಲ್ಲಿ ಬಿದ್ದೋಯ್ತು ಅಂತ ಕೇಳೋಣ ಅಂತಿದ್ದೆ ಕಣ್ರೀ.”

ಆ ಗುಂಯ್ ಎನ್ನುವುದು ನನ್ನ ತಲೆಯಲ್ಲಿ ಕೂತಿತು. ಚೌಕ ಕಡಿದರೂ ಅಷ್ಟೇ, ಗೋಡೆಗೆ ತಗುಲಿದರೂ ಅಷ್ಟೇ; ಮರವೋ ಬೆಣ್ಣೆಯೋ ತಿಳಿಯದು. ಹಿಡಿಯೊಳಗೆ ನಡುಗುವ ಸಣ್ಣದೊಂದು ಸಾಧನವಿದೆ, ಅದರ ಪದಸಂಪತ್ತು ಅಷ್ಟೇ. ನಮ್ಮ ಒಂದು ಅಂಗೈಯಲ್ಲಾದರೋ ಸ್ಪರ್ಶ ಹಿಡಿಯುವ ನರತಂತುಗಳು ಸುಮಾರು 17,000 ಇವೆಯೆಂದು ಸ್ವೀಡನ್ನಿನ ವಿಜ್ಞಾನಿಗಳು ಎಣಿಸಿದ್ದಾರೆ. ಅವರಲ್ಲೊಬ್ಬರಾದ ರೋಲಂಡ್ ಯೋಹಾನ್ಸನ್ ಬೆರಳ ತುದಿಗೆ ಮರಗಟ್ಟುವ ಮದ್ದು ಕೊಡಿಸಿ ಬೆಂಕಿಕಡ್ಡಿ ಗೀರಿಸಿ ನೋಡಿದರು. ಕಣ್ಣು ನೆಟ್ಟಗಿದೆ, ಸ್ನಾಯು ನೆಟ್ಟಗಿದೆ, ಆದರೂ ಕಡ್ಡಿ ಮತ್ತೆ ಮತ್ತೆ ಕೈಜಾರಿತು. ಚಿಟಿಕೆಯ ಕೆಲಸಕ್ಕೆ ಹಲವು ಪಟ್ಟು ಹೊತ್ತು ಹಿಡಿಯಿತು. ಕಣ್ಣು ಮೇಲ್ವಿಚಾರಕ ಮಾತ್ರ, ದುಡಿಯುವುದು ಚರ್ಮ.

ಕಣ್ಣನ್ನು ಮೋಸಗೊಳಿಸುವುದು ಸುಲಭ. ಸೆಕೆಂಡಿಗೆ 24 ಚಿತ್ರ ಓಡಿಸಿದರೆ ಸಾಕು, ‘ಶೋಲೆ’ಯ ಗಬ್ಬರನ ಕುದುರೆ ಓಡುತ್ತದೆ. ಬೆರಳು ಹಾಗಲ್ಲ. ಗಟ್ಟಿ ವಸ್ತುವೊಂದನ್ನು ಮುಟ್ಟಿದೆನೆಂದು ಅದು ನಂಬಬೇಕಾದರೆ ಯಂತ್ರ ಸೆಕೆಂಡಿಗೆ ಸುಮಾರು 1,000 ಸಲ ಲೆಕ್ಕ ಹಾಕಿ ಬೆರಳನ್ನು ಹಿಂದಕ್ಕೆ ತಳ್ಳುತ್ತಿರಬೇಕು. 1990ರ ದಶಕದಲ್ಲಿ ಎಂಐಟಿಯ ಥಾಮಸ್ ಮ್ಯಾಸಿ ಎಂಬ ವಿದ್ಯಾರ್ಥಿ ತನ್ನ ಗುರು ಕೆನೆತ್ ಸಾಲಿಸ್ಬರಿಯ ಜೊತೆ ಹೀಗೆ ತಳ್ಳುವ ‘ಫ್ಯಾಂಟಮ್’ ಎಂಬ ಯಂತ್ರದ ತೋಳು ಮಾಡಿದ. ಇಲ್ಲದ ಗೋಡೆಗೆ ಬೆರಳು ನಿಜವಾಗಿ ತಡೆದು ನಿಲ್ಲುತ್ತಿತ್ತು. ಇಲ್ಲದ್ದನ್ನು ಇದೆಯೆಂದು ನಂಬಿಸುವ ವಿದ್ಯೆ ಕೈಹತ್ತಿದ ಮೇಲೆ ಆತ ಚುನಾವಣೆಗೆ ನಿಂತು ಅಮೆರಿಕದ ಸಂಸತ್ತು ಸೇರಿದ. ನಾನೇನೂ ಟೀಕಿಸುತ್ತಿಲ್ಲ.

ಇಂಥ ಯಂತ್ರಗಳಿಂದ ಬಲಿತ ಕೈ ನಿಜವಾಗಿ ಕಲಿಯುತ್ತದೆಯೇ? ಕಲಿಯುತ್ತದೆ. 2002ರಲ್ಲಿ ಅಮೆರಿಕದ ಯೇಲ್‌ನಲ್ಲಿ 16 ಮಂದಿ ಕಿರಿಯ ಸರ್ಜನ್ನರ ಮೇಲೆ ನಡೆದ ಪರೀಕ್ಷೆಯಲ್ಲಿ, ವಿಆರ್‌ನಲ್ಲಿ ಅಭ್ಯಾಸ ಮಾಡಿ ಬಂದವರು ಪಿತ್ತಕೋಶ ಬಿಡಿಸುವ ಕೆಲಸವನ್ನು ಉಳಿದವರಿಗಿಂತ ಶೇ 29ರಷ್ಟು ಬೇಗ ಮುಗಿಸಿದರು, ತಪ್ಪೂ ಕಡಿಮೆ ಮಾಡಿದರು. ಅಷ್ಟು ದೂರ ಯಾಕೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಡಿಲಲ್ಲಿ ಹುಟ್ಟಿದ ಮಿಮಿಕ್ ಎಂಬ ಕಂಪನಿ ಎಂಡೋಸ್ಕೋಪಿ ಕಲಿಯುವ ಡಾಕ್ಟರರಿಗಾಗಿ ಹೀಗೆ ಕೈಗೆ ಪ್ರತಿರೋಧ ಕೊಡುವ ಯಂತ್ರ ಮಾಡಿದೆ. ನಿಜವಾದ ಹೊಟ್ಟೆಯ ಬದಲು ಸುಳ್ಳು ಹೊಟ್ಟೆಯಲ್ಲಿ ಕೈ ಪಳಗಲಿ ಎಂದರೆ ಹೊಟ್ಟೆಯಿರುವ ಯಾರೂ ಬೇಡವೆನ್ನಲಾರರು. ಕೈ ಕಲಿತರೆ ಮಿದುಳೂ ಬದಲಾಗುತ್ತದೆ: 2004ರಲ್ಲಿ ಜರ್ಮನಿಯಲ್ಲಿ ವಯಸ್ಕರಿಗೆ ಮೂರು ತಿಂಗಳು ಮೂರು ಚೆಂಡು ಒಟ್ಟಿಗೆ ಎಸೆದು ಹಿಡಿಯುವುದನ್ನು ಕಲಿಸಿ ಮಿದುಳು ನೋಡಿದರೆ, ಒಂದೆರಡು ಕಡೆ ತುಸು ತುಂಬಿಕೊಂಡಿತ್ತು. ಆಟ ಬಿಟ್ಟರೆ ಇಳಿಯಿತು. ಮಿದುಳಿಗೂ ಪಿಂಚಣಿ ಎಂಬುದಿಲ್ಲ.

ಇಷ್ಟೆಲ್ಲ ಓದಿಕೊಂಡು ಒಂದು ಸಂಜೆ ಚನ್ನಪಟ್ಟಣದ ಕಲಾನಗರಕ್ಕೆ ಹೋದೆ. ಅಲ್ಲಿ ಮರದ ಗೊಂಬೆ ಕಡೆಯುವ ಉಸ್ತಾದರೊಬ್ಬರ ಮಗ ನನ್ನ ಶಿಷ್ಯ, ನನ್ನ ಸೀಮೆಸುಣ್ಣದ ಖಾಯಂ ಗುರಿ. ಈಗ ಬಿಡದಿಯ ಕಾರ್ಖಾನೆಯಲ್ಲಿದ್ದಾನೆ. ಮನೆಯಲ್ಲಿ ಎರಡು ಲೇತ್. ಒಂದು ತಿರುಗುತ್ತದೆ, ಇನ್ನೊಂದರ ಮೇಲೆ ಬಟ್ಟೆ ಒಣಗುತ್ತವೆ.

“ಮೇಷ್ಟ್ರೇ, ಕೈಗೆ ವ್ಯಾಯಾಮ ತಾನೇ? ಹಿಡೀರಿ ಉಳಿ.”

ಆಲೆಮರದ ತುಂಡು ಗಿರ್ರನೆ ತಿರುಗುತ್ತಿತ್ತು. ಉಳಿ ತಾಗಿಸಿದ್ದೇ ತಡ, ಮೊಣಕೈವರೆಗೂ ಸುದ್ದಿ ಬಂತು. ಮರ ಹಸಿಯಿದೆ, ಇಲ್ಲೊಂದು ಗಂಟಿದೆ, ನೀನು ಉಳಿಯನ್ನು ವಾರೆ ಹಿಡಿದಿದ್ದೀಯ, ನೀನು ಯಾರ ಮಗ. ಉಸ್ತಾದರು ನನ್ನ ಕೈ ನೋಡುತ್ತಲೇ ಇರಲಿಲ್ಲ. ಬೀಡಿ ಹಚ್ಚುತ್ತ ಆಚೆ ತಿರುಗಿದ್ದವರು “ಒತ್ತಿ ಹಿಡೀಬೇಡಿ, ಶಬ್ದ ಅಳ್ತಾ ಐತೆ” ಎಂದರು. ಆಮೇಲೆ ಅರಗು. ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಾಟದ ಕಾವಿಗೇ ಕರಗಿ ಹತ್ತಿಕೊಳ್ಳುತ್ತದೆ, ತಾಳೆಗರಿ ಹಿಡಿದು ಒತ್ತಿದರೆ ಹೊಳಪು ಬರುತ್ತದೆ. ಎಷ್ಟು ಒತ್ತಬೇಕು? ಕಡಿಮೆಯಾದರೆ ಬಣ್ಣ ಹತ್ತದು, ಹೆಚ್ಚಾದರೆ ಕಂದುತ್ತದೆ. ಅಳತೆ ಯಾವ ಪುಸ್ತಕದಲ್ಲೂ ಇಲ್ಲ. 17,000 ತಂತುಗಳೂ ಒಟ್ಟಿಗೆ ಎದ್ದು ಕೂತದ್ದು ನನಗೆ ಅಂದೇ ಗೊತ್ತಾಯಿತು. ನಾನು ಕಡೆದದ್ದು ಬುಗುರಿ. ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಉಸ್ತಾದರು “ಭರಣಿ ಚೆನ್ನಾಗಿ ಬಂದೈತೆ” ಎಂದರು.

ಹೊರಗಿನ ವಿದ್ಯೆ ನಮ್ಮ ಕೈಗೆ ಬೇಕೇ ಎನ್ನುವವರಿಗೆ ಚನ್ನಪಟ್ಟಣ ಬಾವಾಸ್ ಮಿಯಾರ ಹೆಸರು ಹೇಳುತ್ತದೆ. ಜಪಾನಿನ ಕೈಚಳಕವನ್ನು ಕಲಿತು ಈ ಊರಿಗೆ ತಂದವರೆಂದು ಅವರನ್ನು ನೆನೆಯುತ್ತಾರೆ. ಕಲಿಯುವುದು ಮನುಷ್ಯರ ಕೈಯೊಂದೇ ಅಲ್ಲ. ರಾಮನಗರಕ್ಕೆ ಬಂದಿರುವ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರವೂ ಬೆರಳಿನಂತೆ ಮುಟ್ಟಿಯೇ ನೋಡುತ್ತದೆ: ಗಾಜಿನ ಪುಟ್ಟ ಬಿಲ್ಲೆಗಳ ಸಂದಿಯಲ್ಲಿ ನೂಲು ಹಾಯುವಾಗ ಉಜ್ಜಾಟ ಕಡಿಮೆಯಾದರೆ, ನೂಲು ತೆಳ್ಳಗಾಯಿತು, ಹೊಸ ಎಳೆ ಬೇಕು ಎಂದು ಅದಕ್ಕೆ ತಿಳಿಯುತ್ತದೆ. ನೂಲು ಬಿಚ್ಚುವವರ ಬೆರಳನ್ನು ಯಾರೋ ಬಹಳ ಹೊತ್ತು ಕೂತು ನೋಡಿರಬೇಕು.

ಅಳಿಯಂದಿರಿಗೆ ಇದು ಹೇಳಿದ್ದೇ ತಪ್ಪಾಯಿತೇನೋ. ಮರುವಾರವೇ ಹೆಡ್‌ಸೆಟ್ ಸಮೇತ ಕಲಾನಗರಕ್ಕೆ ಬಂದು ಉಸ್ತಾದರ ಕಣ್ಣಿಗೆ ಕಟ್ಟಿಬಿಟ್ಟರು. ಉಸ್ತಾದರು ಕೂತಲ್ಲಿಂದಲೇ, ಮಣಿಕಟ್ಟಷ್ಟೇ ಆಡಿಸಿ, ಬಂದ ಚೌಕಗಳನ್ನೆಲ್ಲ ಸದ್ದಿಲ್ಲದೆ ಕಡಿದು ಹಾಕಿದರು. ನನ್ನ ವೀರಾವೇಶದ ಅಗತ್ಯವೇ ಆಟಕ್ಕಿರಲಿಲ್ಲ. ತೆಗೆದಿಟ್ಟು ಕೇಳಿದರು: “ಇದ್ರಲ್ಲಿ ಉಳಿ ಮೊಂಡಾಗಲ್ವಾ?”

“ಆಗಲ್ಲ ಸಾಹೇಬ್ರೇ.”

“ಹಂಗಾದ್ರೆ ಸಾಣೆ ಹಿಡಿಯೋದು ಎಲ್ಲಿ ಕಲೀತಾರೆ?”

ಅಳಿಯಂದಿರಿಗೆ ಆ ಪ್ರಶ್ನೆಯೇ ಹಿಡಿಸಿತು. ಅವರ ಯೋಜನೆ ದೊಡ್ಡದು. ಉಸ್ತಾದರ ಕೈಗೆ ಸೆನ್ಸರ್ ಗವಸು ತೊಡಿಸುವುದು, ಉಳಿ ಹಿಡಿಯುವ ಬಲ, ಅರಗು ಒತ್ತುವ ಹದ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸುವುದು, ಜಗತ್ತಿನಲ್ಲಿ ಯಾರು ಬೇಕಾದರೂ ಗವಸು ತೊಟ್ಟು ಗಾಳಿಯಲ್ಲಿ ಗೊಂಬೆ ಕಡೆಯುವುದು. ಮಗ ಕಲಿಯದ ವಿದ್ಯೆ ಉಳಿಯುತ್ತದೆ ಎಂದೂ ಸೇರಿಸಿದರು. ಉಸ್ತಾದರು ಪೂರ್ತಿ ಕೇಳಿ, ಗವಸಿನ ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿ, ಒಪ್ಪಿದರು. ಒಂದೇ ಮಾತು ಕೇಳಿದರು.

“ಕೂಲಿ ಹೆಂಗೆ? ದಿನಕ್ಕಾ, ಪೀಸಿಗಾ?”

ಆಫೀಸಿನಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದಾರೆ ಅಳಿಯಂದಿರು.