ಒದ್ದೆ ಬೇಡ, ಹದ ಇರ್ಲಿ

1/4

ಮೊದಲ ಫೋಟೋ ನೋಡಿ ಕಾಫಿ ಪುಡಿ ಅಂದ್ಕೊಂಡ್ರಾ? ಅಲ್ಲ. ತೆಂಗಿನ ಮಟ್ಟೆಯಿಂದ ನಾರು ಬಿಡಿಸುವಾಗ ಉದುರೋ ಪುಡಿ. ನರ್ಸರಿಯಲ್ಲಿ ಇದನ್ನೇ ಒತ್ತಿ ಇಟ್ಟಿಗೆ ಮಾಡಿ ಕೋಕೋಪೀಟ್ ಅಂತ ಮಾರ್ತಾರೆ. ನಮ್ಮ ಅಜ್ಜಂಪುರ, ಕಡೂರು, ತರೀಕೆರೆ ಕಡೆ ತೋಟ ಇರೋರ ಮನೆ ಹಿಂದೆ ಮಟ್ಟೆ ರಾಶಿ ಇದ್ದೇ ಇರತ್ತೆ. ನಮ್ಮನೇಲಿ ಅದು ಬಚ್ಚಲ ಒಲೆಗೆ ಹೋಗತ್ತೆ. ಬೇರೆ ದೇಶಗಳಲ್ಲಿ ಹಾವು ಸಾಕೋರು ಇದರ ಪುಡಿಯನ್ನ ದುಡ್ಡು ಕೊಟ್ಟು ತಂದು ಹಾವಿನ ಪೆಟ್ಟಿಗೆಗೆ ಹಾಸ್ತಾರೆ!

ಇದೆಲ್ಲ ನನಗೆ ಗೊತ್ತಾಗಿದ್ದು ಪಿಯುಸಿ ಗೆಳೆಯ ಒಬ್ಬನಿಂದ. ಈಗ ಬೆಂಗಳೂರಲ್ಲಿ ಓದ್ತಿದ್ದಾನೆ. ಒಂದು ರಾತ್ರಿ ಮೆಸೇಜ್: "ಮಗಾ, ನನ್ನ ಬಾಲ್ ಪೈಥಾನ್ ಪೊರೆ ಚೂರು ಚೂರಾಗಿ ಬಿಡ್ತಿದೆ. ಒಂದು ಕಣ್ಣಿನ ಮೇಲೆ ಹಾಗೇ ಅಂಟ್ಕೊಂಡಿದೆ. ಏನ್ ಮಾಡ್ಲಿ?"

ನಾನು ಮೊದಲು ಕೇಳಿದ್ದು, "ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡ್ಸಿದ್ಯಾ?" ಮಾಡ್ಸಿದ್ದ. ನೀವೂ ತಿಳ್ಕೊಳ್ಳಿ. ಬಾಲ್ ಪೈಥಾನ್ ಆಫ್ರಿಕಾದ ಹಾವು. ಇಂಥ ವಿದೇಶಿ ಜೀವಿಗಳನ್ನ ಇಟ್ಕೊಂಡೋರು ನೋಂದಣಿ ಮಾಡ್ಸಲೇಬೇಕು ಅಂತ 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ನಮ್ಮ ಹೊಲ, ಕೆರೆಯ ಹಾವು ಹಿಡಿದು ಸಾಕೋದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.

ಎರಡನೇ ಪ್ರಶ್ನೆ: "ಪೆಟ್ಟಿಗೆ ತಳಕ್ಕೆ ಏನ್ ಹಾಸಿದೀಯ?"

"ಮರದ ಹೊಟ್ಟು. ಅಂಗಡಿಯಲ್ಲಿ ಅದೇ ಸಾಕು ಅಂದ್ರು."

ಅಷ್ಟು ಓದಿದ್ದೇ, ನನಗೆ ಏಳು ವರ್ಷ ಹಿಂದಿನ ಒಂದು ಡಬ್ಬಿ ನೆನಪಾಯ್ತು.

2/4

ಇದನ್ನ ಇದುವರೆಗೂ ಯಾರಿಗೂ ಹೇಳಿಲ್ಲ. ಎಂಟನೇ ಕ್ಲಾಸಿನ ಬೇಸಿಗೆ ರಜೆ. ಕೆರೆ ಅಂಚಲ್ಲಿ ಪೆನ್ಸಿಲ್‌ನಷ್ಟು ದಪ್ಪದ ಒಂದು ನೀರುಹಾವಿನ ಮರಿ ಸಿಕ್ತು. ಮನೆಗೆ ತಂದೆ. ಬಿಸ್ಕತ್ತಿನ ದೊಡ್ಡ ಡಬ್ಬಿ, ಮುಚ್ಚಳಕ್ಕೆ ಮೊಳೆಯಲ್ಲಿ ತೂತು, ಒಳಗೆ ಪಕ್ಕದ ಮನೆ ಕಟ್ಟೋಕೆ ತಂದಿದ್ದ ಮರಳು. ಟಿವಿಯಲ್ಲಿ ಹಾವು ಅಂದ್ರೆ ಮರಳುಗಾಡೇ ತಾನೇ ತೋರ್ಸೋದು? ಕುಡಿಯೋಕೆ ಅಂತ ಬಾಟಲಿ ಮುಚ್ಚಳದಲ್ಲಿ ನೀರಿಟ್ಟೆ. ಬಹಳ ಚೆನ್ನಾಗಿ ನೋಡ್ಕೋತಿದೀನಿ ಅನ್ನೋ ಹೆಮ್ಮೆ ಬೇರೆ.

ನಾಲ್ಕೈದು ದಿನಕ್ಕೆ ಅದರ ಕಣ್ಣು ಮಬ್ಬಾಯ್ತು. ಕುರುಡಾಯ್ತೇನೋ ಅಂತ ಹೆದರಿದೆ. ಅದು ಪೊರೆ ಬಿಡೋ ಸೂಚನೆ ಅಂತ ಆಗ ಗೊತ್ತಿರಲಿಲ್ಲ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಕನ್ನಡಕದ ಗಾಜಿನ ಥರ ಒಂದು ಹುರುಪೆ ಇರತ್ತೆ, ಅದೂ ಪೊರೆ ಜೊತೆಗೇ ಕಳಚಬೇಕು. ಸುತ್ತ ಗಾಳಿಯಲ್ಲಿ ತೇವ ಇಲ್ದಿದ್ರೆ ಪೊರೆ ಒಣಗಿ ಮೈಗೇ ಅಂಟ್ಕೊಳತ್ತೆ.

ನನ್ನ ಮರಿಗೆ ಹಾಗೇ ಆಯ್ತು. ಕುತ್ತಿಗೆ ಹತ್ರ ಸ್ವಲ್ಪ ಬಿಟ್ಟು ನಿಂತುಹೋಯ್ತು. ಒಂಬತ್ತನೇ ದಿನ ಬೆಳಿಗ್ಗೆ ಮುಚ್ಚಳ ತೆಗೆದ್ರೆ ಅಲುಗಾಡ್ಲಿಲ್ಲ. ಹೊಂಗೆ ಮರದ ಕೆಳಗೆ ಹೂತು, ಡಬ್ಬಿ ತೊಳೆದು ಅಡುಗೆಮನೆಯಲ್ಲಿ ಇದ್ದ ಜಾಗಕ್ಕೇ ಇಟ್ಟೆ. ಅಮ್ಮ ಆಮೇಲೆ ಅದರಲ್ಲಿ ಚಕ್ಕುಲಿ ತುಂಬಿಟ್ರು. ನಾನು ಒಂದೂ ತಿನ್ನಲಿಲ್ಲ.

ಬರೀ ಮರಳೇ ಕೊಂದಿತು ಅಂತ ಹೇಳಲ್ಲ. ಹಿಡಿದಿದ್ದೇ ಮೊದಲ ತಪ್ಪು. ಆದ್ರೆ ನೀರಲ್ಲೇ ಇರೋ ಜೀವವನ್ನ ನಾನು ಒಣ ಮರಳ ಮೇಲೆ ಇಟ್ಟಿದ್ದೆ.

3/4

ಗೆಳೆಯನಿಗೆ ಅವತ್ತೇ ಹೇಳಿದ್ದು ಎರಡೇ ಮಾತು. ಕಣ್ಣಿನ ಪೊರೆಯನ್ನ ಉಗುರಲ್ಲಿ ಕೀಳಬೇಡ, ಪಶುವೈದ್ಯರಿಗೆ ತೋರ್ಸು. ತಳದ ಹಾಸು ಬದಲಾಯ್ಸು.

ಏನು ಹಾಕೋದು ಅಂತ ತಿಳ್ಕೊಳ್ಳೋಕೆ ಹಿತ್ತಲಲ್ಲಿ ಮೂರು ಹಳೇ ತಟ್ಟೆ ಇಟ್ಟೆ. ಒಂದರಲ್ಲಿ ಮರಳು, ಒಂದರಲ್ಲಿ ಮರದ ಹೊಟ್ಟು, ಒಂದರಲ್ಲಿ ನಾರಿನ ಪುಡಿ. ಮೂರಕ್ಕೂ ಒಂದೊಂದು ಲೋಟ ನೀರು. ಮರಳಲ್ಲಿ ನೀರು ಸೀದಾ ತಳಕ್ಕೆ ಇಳಿದು ನಿಂತ್ಕೊಂಡ್ತು, ಮೇಲೆ ಬೇಗ ಒಣಗ್ತು. ಹೊಟ್ಟು ನೀರು ಕುಡೀತು, ಆದ್ರೆ ನಾಲ್ಕು ದಿನಕ್ಕೆ ಬೂಷ್ಟು ಹಿಡೀತು. ನಾರಿನ ಪುಡಿ ಮಾತ್ರ ಮೇಲೆ ಒಣಗಿದ್ರೂ, ಬೆರಳು ಇಳಿಸಿದ್ರೆ ಒಳಗೆ ತಂಪು. ಅದು ಸ್ಪಂಜಿನ ಥರ, ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡ್ಕೊಂಡು ನಿಧಾನವಾಗಿ ಬಿಡತ್ತೆ.

ಹೊಟ್ಟಿನಲ್ಲಿ ಇನ್ನೊಂದು ತೊಂದರೆ: ಸಾಮಿಲ್‌ನಿಂದ ತಂದ್ರೆ ಯಾವ ಮರದ್ದು ಅಂತಾನೇ ಗೊತ್ತಾಗಲ್ಲ. ದೇವದಾರು ಥರದ ವಾಸನೆ ಮರಗಳ ಎಣ್ಣೆ ಹಾವಿಗೆ ಆಗಲ್ಲ.

ಸರಿ, ಪುಡಿಗೆ ನೀರೆಷ್ಟು? ಉತ್ತರ ಅಪ್ಪನ ಕೈಯಲ್ಲಿತ್ತು. ಬಿತ್ತನೆಗೆ ಮುಂಚೆ ಅಪ್ಪ ಒಂದು ಹಿಡಿ ಮಣ್ಣು ತಗೊಂಡು ಮುಷ್ಟಿ ಬಿಗೀತಾರೆ. ನೀರು ಒಸರಿದ್ರೆ ಹಸಿ ಜಾಸ್ತಿ. ಉಂಡೆಯೇ ಆಗ್ದಿದ್ರೆ ಒಣ. ಉಂಡೆ ಆಗಿ, ಬೆರಳಲ್ಲಿ ತಟ್ಟಿದ ತಕ್ಷಣ ಒಡೆದ್ರೆ ಹದ. ಪುಡಿಗೂ ಅದೇ ಲೆಕ್ಕ. ನಾನು ಹಿತ್ತಲಲ್ಲಿ ಹಿಂಡ್ತಾ ಕೂತಿದ್ದು ನೋಡಿ ಅಪ್ಪ ಕೇಳಿದ್ರು, "ಏನೋ, ಯಾವ ಬೆಳೆ ಹಾಕ್ತೀಯ?" ಹಾವಿಗೆ ಅಂದೆ. ಸ್ವಲ್ಪ ಹೊತ್ತು ನನ್ನ ಮುಖಾನೇ ನೋಡಿದ್ರು. ಆಮೇಲೆ ನನ್ನ ಕೈಯಿಂದ ಉಂಡೆ ಇಸ್ಕೊಂಡು ತಟ್ಟಿ, "ಇನ್ನೂ ಒಂಚೂರು ಹಿಂಡು" ಅಂದ್ರು.

4/4

ಬಾಲ್ ಪೈಥಾನ್ ಊರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲು. ಅಲ್ಲಿ ಬಿಸಿಲೂ ಇದೆ, ಬೇಸಿಗೆಯೂ ಇದೆ. ಹಾಗಾದ್ರೆ ತೇವ ಎಲ್ಲಿಂದ? ಅದು ಹಗಲೆಲ್ಲ ಇಲಿ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ ಇರತ್ತೆ. ಹೊರಗೆ ಒಣಗಿದ್ರೂ ಒಳಗೆ ತಂಪು. ಗೆದ್ದಲು ಕಟ್ಟಿದ ಮನೆ ಹಾವಿಗಾಯ್ತು ಅನ್ನೋ ನಮ್ಮ ಗಾದೆ ಅಲ್ಲಿಗೂ ಸರಿಹೋಗತ್ತೆ. ನಮ್ಮ ಬಯಲುಸೀಮೆ ಹಾವುಗಳೂ ಹೀಗೇ ಬದುಕೋದು. ಪೆಟ್ಟಿಗೆಯಲ್ಲಿ ನಾವು ಮಾಡಬೇಕಾಗಿರೋದು ಹುತ್ತದ ಒಳಗಿನ ಹವೆ.

ಗೆಳೆಯ ಮಾಡಿದ್ದು ಇಷ್ಟು, ಸೇವ್ ಮಾಡ್ಕೊಳ್ಳಿ:

ಪುಡಿಯನ್ನ ನೀರಲ್ಲಿ ನೆನೆಸಿ, ಚಹಾ ಬಣ್ಣ ಹೋಗೋವರೆಗೂ ತೊಳೆದ. ಇಟ್ಟಿಗೆ ತಗೊಳ್ಳೋರು ಗೊಬ್ಬರ ಬೆರೆಸಿರೋದು ಬೇಡ. 650 ಗ್ರಾಂ ಇಟ್ಟಿಗೆ ನೆನೆದ್ರೆ ಸುಮಾರು 8 ಲೀಟರ್ ಆಗತ್ತೆ.

ಹದಕ್ಕೆ ಹಿಂಡಿ ಮೂರ್ನಾಲ್ಕು ಇಂಚು ದಪ್ಪ ಹಾಸಿದ. ಆಮೇಲೆ ಒಣಗ್ತಾ ಬಂದಾಗ ಮೇಲೆ ಚಿಮುಕಿಸದೆ ಮೂಲೆಯಲ್ಲಿ ನೀರು ಬಿಟ್ಟ. ತಳ ತೇವ, ಮೇಲೆ ಒಣ. ಮೇಲೂ ಸದಾ ಒದ್ದೆ ಇದ್ರೆ ಹೊಟ್ಟೆಯ ಹುರುಪೆ ಕೊಳೆಯತ್ತೆ.

ತೇವ ಅಳೆಯೋ ಮೀಟರ್ ಇಟ್ಟ. ಈ ಹಾವಿಗೆ ಶೇ. 60ರಿಂದ 70 ಇರ್ಬೇಕು. ಗಾಳಿಯಾಡೋ ಕಿಂಡಿ ಮುಚ್ಚಲಿಲ್ಲ.

ಗಲೀಜು ಕಂಡ ತಕ್ಷಣ ಆ ಭಾಗ ತೆಗೆದ.

ಪುಡಿ ಹೋಗಿದ್ದು ನಮ್ಮ ಹಿತ್ತಲಿಂದಲೇ. ನಾನೇ ಜರಡಿ ಹಿಡಿದು, ಒಂದು ಚೀಲ ತುಂಬಿ, ರೈಲಲ್ಲಿ ಬೆಂಗಳೂರಿಗೆ ಹೊರಟಿದ್ದ ಮಾವನ ಕೈಗೆ ಕೊಟ್ಟೆ. "ಏನಿದು?" ಅಂದ್ರು. ಗಿಡಕ್ಕೆ ಅಂದೆ. ಮಾವ, ಓದ್ತಿದ್ರೆ ಕ್ಷಮ್ಸಿ.

ಆರು ವಾರ ಆದ್ಮೇಲೆ ಬಂದ ಫೋಟೋ ಕೊನೆಯದು, ಸ್ವೈಪ್ ಮಾಡಿ. ಮೂತಿಯಿಂದ ಬಾಲದ ತುದಿವರೆಗೆ ಒಂದೇ ತುಂಡು ಪೊರೆ. ತಲೆ ಹತ್ರ ಝೂಮ್ ಮಾಡಿದ್ರೆ ಎರಡು ಪುಟ್ಟ ಗುಂಡು ಗಾಜು ಕಾಣತ್ತೆ. ಎರಡೂ ಕಣ್ಣು ಬಿಟ್ಟಿದೆ. ನಾನು ಮೊದಲು ನೋಡಿದ್ದೇ ಅದನ್ನ.

"ನೀನೂ ಒಂದು ಸಾಕೋ" ಅಂತಾನೆ ಅವನು. ಬೇಡ ಅಂದೆ. ಈಗ ಮಟ್ಟೆ ರಾಶಿಗೆ ಕೈ ಹಾಕೋ ಮುಂಚೆ ಕೋಲಲ್ಲಿ ಮೆಲ್ಲಗೆ ತಟ್ತೀನಿ. ಕೇರೆ ಹಾವು ಸರಸರ ಅಂತ ಹೊರಗೆ ಬಂದ್ರೆ ಅವತ್ತು ಒಲೆಗೆ ಬೇರೆ ಸೌದೆ. ಅಡಿಯಲ್ಲಿ ಹದ ನೋಡ್ಕೊಂಡೇ ಅದು ಅಲ್ಲಿ ಸೇರ್ಕೊಂಡಿರೋದು.

ನಿಮ್ಮ ಹಿತ್ತಲ ರಾಶಿಯಲ್ಲಿ ಯಾರಿದ್ದಾರೆ? ಕಾಮೆಂಟಲ್ಲಿ ಹೇಳಿ. ಹಿಡಿಯೋಕೆ ಮಾತ್ರ ಹೋಗ್ಬೇಡಿ.

#ಅಜ್ಜಂಪುರ #ಹಿತ್ತಲಕಥೆ #ಹದ