ಎರಡನೆಯ ಚಾಲಕನ ಹೆಸರು

ಬ್ಯಾಂಕಿನಲ್ಲಿ ನಾನು ಕಳೆದ ೩೧ ವರ್ಷಗಳಲ್ಲಿ ಅತಿ ಹೆಚ್ಚು ಬಾರಿ ಆಡಿದ ಮಾತು ಯಾವುದೆಂದು ಯಾರಾದರೂ ಕೇಳಿದರೆ, ‘ಓದಿ ಸಹಿ ಮಾಡಿ’ ಎಂಬುದೇ ಎಂದು ಹೇಳಬೇಕಾದೀತು. ಸಾಲಪತ್ರಕ್ಕೆ ಹೆಬ್ಬೆಟ್ಟೊತ್ತಲು ಬಂದ ರೈತರನ್ನು ಕೂರಿಸಿಕೊಂಡು ಒಂದೊಂದು ಕಲಮನ್ನೂ ವಿವರಿಸಿದ್ದೇನೆ. ಅವಸರದಲ್ಲಿ ಸಹಿ ಹಾಕಿದ ಪದವೀಧರರನ್ನು ಗದರಿಸಿದ್ದೂ ಉಂಟು. ಅಂಥ ನಾನು ೨೦೧೯ರ ಮೇ ತಿಂಗಳಲ್ಲಿ, ಮಾರಿಷಸ್ ದ್ವೀಪದ ವಿಮಾನ ನಿಲ್ದಾಣದಲ್ಲಿ, ಬಾಡಿಗೆ ಕಾರೊಂದರ ಕರಾರುಪತ್ರಕ್ಕೆ ಓದಿಯೇ ಸಹಿ ಮಾಡಿದೆ. ಓದಿದ್ದನ್ನು ಮೂರು ದಿನಗಳೊಳಗೆ ಮುರಿದೆ. ಈ ಸಂಗತಿಯನ್ನು ನಮ್ಮ ಓದುಗರ ಮುಂದಿಡಬೇಕೆಂದು ಬಹುಕಾಲದಿಂದ ಅಂದುಕೊಳ್ಳುತ್ತ, ಮುಂದೂಡುತ್ತ ಬಂದಿದ್ದೆ.

ನಾವು ಐದು ಮಂದಿ ಹೊರಟಿದ್ದೆವು: ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗ, ನನ್ನ ಪತ್ನಿ ಮತ್ತು ನಾನು. ಮುಂಬಯಿಯಿಂದ ಹಾರಿದ ವಿಮಾನ ಇಳಿಯುವುದು ದ್ವೀಪದ ಆಗ್ನೇಯಕ್ಕೆ, ಮಾಹೆಬೂರ್ ಪಟ್ಟಣದ ಸಮೀಪವಿರುವ ಪ್ಲೇಸಾನ್ಸ್ ಎಂಬಲ್ಲಿ. ಸ್ವತಂತ್ರ ಮಾರಿಷಸ್ಸಿನ ಮೊದಲ ಪ್ರಧಾನಿ ಸರ್ ಶಿವಸಾಗರ ರಾಮಗುಲಾಂ ಅವರ ಹೆಸರನ್ನು ಆ ನಿಲ್ದಾಣಕ್ಕೆ ಇಟ್ಟಿದ್ದಾರೆ. ಈ ದ್ವೀಪವನ್ನು ಬ್ರಿಟಿಷರು ೧೮೧೦ರಲ್ಲಿ ಫ್ರೆಂಚರಿಂದ ಗೆದ್ದುಕೊಂಡು ೧೯೬೮ರವರೆಗೆ ಆಳಿದರು. ಹೀಗಾಗಿ ಜನರ ನಾಲಗೆಯ ಮೇಲೆ ಫ್ರೆಂಚಿನಿಂದ ಬಂದ ಕ್ರಿಯೋಲ್ ಇದ್ದರೂ ರಸ್ತೆಯಲ್ಲಿ ವಾಹನಗಳು ನಮ್ಮಲ್ಲಿಯಂತೆ ಎಡಗಡೆಗೇ ಚಲಿಸುತ್ತವೆ. ನಮ್ಮ ದೇಶದ ಪ್ರವಾಸಿಗನಿಗೆ ‘ಇಲ್ಲಿ ನಾನೇ ಓಡಿಸಬಲ್ಲೆ’ ಎಂಬ ಧೈರ್ಯ ಬರುವುದು ಇದರಿಂದಲೇ.

ಕಾರು ಬೇಕೆಂದು ಹಟ ಹಿಡಿದವನು ನಾನು. ಹಳ್ಳಿಗಾಡಿನ ಬಸ್ಸುಗಳು ಸಂಜೆಯಾದೊಡನೆ ವಿರಳವಾಗುತ್ತವೆ. ಟ್ಯಾಕ್ಸಿಯವರೊಡನೆ ಪ್ರತಿ ಸಲವೂ ಚೌಕಾಸಿ ನಡೆಯಬೇಕು. ನನ್ನ ಪತ್ನಿಗೆ ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯಬೇಕು. ಬ್ಲೂ ಬೇ ಎಂಬ ಕಡಲತೀರದ ಹತ್ತಿರ ಅಡುಗೆಮನೆಯಿದ್ದ ವಸತಿಯನ್ನು ಹಿಡಿದದ್ದೂ ಅದಕ್ಕಾಗಿಯೇ. ಸ್ವಂತ ವಾಹನವಿದ್ದರೆ ಹೊತ್ತಿಗೆ ಸರಿಯಾಗಿ ಮರಳಬಹುದೆಂಬುದು ನನ್ನ ಲೆಕ್ಕ. ಆದರೆ ಮೇ ತಿಂಗಳೆಂದರೆ ಅಲ್ಲಿ ಚಳಿಗಾಲದ ಹೊಸ್ತಿಲು, ಆರು ಗಂಟೆಯೊಳಗೇ ಕತ್ತಲೆ ಕವಿಯುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಸುಂಕದ ತಪಾಸಣೆ ಮುಗಿಸಿ ಹೊರಬಂದರೆ ಬಾಡಿಗೆ ಕಾರಿನ ಸಂಸ್ಥೆಗಳ ಕಟ್ಟೆಗಳು ಸಾಲಾಗಿವೆ. ಊರಿನಿಂದಲೇ ಕಾಯ್ದಿರಿಸಿ ಹಣ ಕಟ್ಟಿದ್ದೆವಾದರೂ, ಕಟ್ಟಿದ್ದು ಬರಿಯ ಬಾಡಿಗೆ ಎಂಬುದು ತಿಳಿದದ್ದು ಅಲ್ಲಿ. ಮೊದಲನೆಯದು ಠೇವಣಿ. ಕ್ರೆಡಿಟ್ ಕಾರ್ಡಿನ ಮೇಲೆ ೧೫,೦೦೦ ಮಾರಿಷಸ್ ರೂಪಾಯಿಗಳನ್ನು ತಡೆಹಿಡಿದರು. ಹಣ ಅವರ ಕೈಗೆ ಹೋಗುವುದಿಲ್ಲ, ನಮಗೂ ಬಳಕೆಗೆ ಸಿಗುವುದಿಲ್ಲ. ಕಾರು ಮರಳಿಸಿದ ಎಷ್ಟೋ ದಿನಗಳ ನಂತರ ಬಿಡುಗಡೆ. ಕಾರಿಗೆ ಪೆಟ್ಟಾದರೆ ಆ ಮೊತ್ತದವರೆಗಿನ ನಷ್ಟ ನಮ್ಮದು, ಅದಕ್ಕೆ ಮೇಲ್ಪಟ್ಟದ್ದು ವಿಮೆಯದು. ಟೈರು, ಗಾಜು, ಕಾರಿನ ತಳಭಾಗ ಇವು ವಿಮೆಯ ಹೊರಗೆ. ಇನ್ನಷ್ಟು ಕೊಟ್ಟರೆ ನಮ್ಮ ಹೊಣೆ ಇನ್ನಷ್ಟು ಇಳಿಯುತ್ತದೆಂದು ಕಟ್ಟೆಯ ಹೆಣ್ಣುಮಗಳು ವಿನಯದಿಂದ ಹೇಳಿದಳು. ನಾನು ಅಷ್ಟೇ ವಿನಯದಿಂದ ಬೇಡವೆಂದೆ.

ಬಳಿಕ ಒಬ್ಬ ಹುಡುಗ ಕಾರಿನ ರೇಖಾಚಿತ್ರವಿದ್ದ ಹಾಳೆ ಹಿಡಿದು ನಮ್ಮನ್ನು ಹೊರಗೆ ಕರೆದೊಯ್ದ. ಮೊದಲೇ ಇದ್ದ ಗೀರುಗಳಿಗೆ ಆ ಚಿತ್ರದಲ್ಲಿ ಗುರುತು ಹಾಕಿ, ಇಂಧನದ ಮಟ್ಟ ಬರೆದು, ಇಬ್ಬರೂ ಸಹಿ ಮಾಡಬೇಕು. ಇಲ್ಲಿ ಅವಸರಪಟ್ಟು ಮುಂದೆ ಪೇಚಾಡಿದವರನ್ನು ಕಂಡಿದ್ದೇನೆ. ನಾವು ಕಾರಿನ ಸುತ್ತ ನಿಧಾನವಾಗಿ ನಡೆದು, ಚಕ್ರಗಳ ಅಂಚು, ಗಾಜು, ಮೀಟರು ಎಲ್ಲದರ ಛಾಯಾಚಿತ್ರ ತೆಗೆದುಕೊಂಡೆವು. ಅಲ್ಲಿಯವರೆಗೆ ನನ್ನ ನಡವಳಿಕೆ ಬ್ಯಾಂಕಿನವನಿಗೆ ತಕ್ಕದ್ದೇ ಆಗಿತ್ತು.

ಕರಾರುಪತ್ರದಲ್ಲಿ ಇನ್ನೊಂದು ಖಾಲಿ ಜಾಗವಿತ್ತು: ಎರಡನೆಯ ಚಾಲಕನ ಹೆಸರು. ಅದನ್ನು ತುಂಬಿಸಲು ದಿನಕ್ಕೆ ೩೦೦ ರೂಪಾಯಿ ಹೆಚ್ಚುವರಿ. ಐದು ದಿನಕ್ಕೆ ೧,೫೦೦. ನಮ್ಮ ಹಣದಲ್ಲಿ ಸುಮಾರು ೩,೦೦೦. ಹೆಸರಿಲ್ಲದವರು ಓಡಿಸಿದರೆ ವಿಮೆ ಅನ್ವಯಿಸದು ಎಂದು ಕೆಳಗೆ ಸ್ಪಷ್ಟವಾಗಿಯೇ ಅಚ್ಚಾಗಿತ್ತು. ಅಳಿಯಂದಿರು, ‘ಮಾವ, ನನ್ನ ಹೆಸರೂ ಇರಲಿ’ ಎಂದರು. ‘ನಾನೇ ಓಡಿಸುತ್ತೇನೆ, ಸುಮ್ಮನೆ ಯಾಕೆ ದುಡ್ಡು’ ಎಂದುಬಿಟ್ಟೆ. ಇಡೀ ಪ್ರವಾಸದ ಖರ್ಚಿನ ಮುಂದೆ ಆ ಮೊತ್ತ ಏನೂ ಅಲ್ಲ. ಆದರೂ ಜೇಬಿನಿಂದ ದೊಡ್ಡ ಮೊತ್ತ ಹೋಗುವಾಗ ಸುಮ್ಮನಿರುವ ಮನಸ್ಸು ಚಿಲ್ಲರೆಯ ವಿಷಯದಲ್ಲಿ ಎಚ್ಚರಗೊಳ್ಳುತ್ತದೆ, ನನ್ನದಂತೂ ಹಾಗೆಯೇ.

ಮೂರನೆಯ ದಿನ ಶಾಮರೆಲ್‌ಗೆ ಹೋದೆವು. ಜ್ವಾಲಾಮುಖಿಯ ಕಪ್ಪುಕಲ್ಲು ಕಾಲಾಂತರದಲ್ಲಿ ಶಿಥಿಲವಾಗಿ ಕೆಂಪು, ಕಂದು, ನೇರಳೆ ಬಣ್ಣಗಳ ಮಣ್ಣಿನ ದಿಬ್ಬಗಳಾಗಿರುವ ಸ್ಥಳವದು. ಅಲ್ಲಿಂದ ಪಶ್ಚಿಮಕ್ಕೆ ಇಳಿದು, ಲ ಮಾರ್ನ್ ಬೆಟ್ಟವನ್ನು ಬಳಸಿ, ದಕ್ಷಿಣದ ಕಡಲದಾರಿ ಹಿಡಿದೆವು. ಈ ಬೆಟ್ಟದ ಗುಹೆಗಳಲ್ಲಿ ತಪ್ಪಿಸಿಕೊಂಡು ಬಂದ ಗುಲಾಮರು ಅಡಗಿ ಬಾಳಿದ್ದರು. ೨೦೦೮ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮಕೊಂದೆ ಎಂಬಲ್ಲಿ ರಸ್ತೆ ಬಂಡೆಯೊಂದನ್ನು ಸುತ್ತಿಕೊಂಡು ಸಮುದ್ರದ ಮೇಲೆಯೇ ತಿರುಗುತ್ತದೆ. ಮುಂದೆ ಕಬ್ಬಿನ ಗದ್ದೆಗಳು. ಆ ತಿಂಗಳಲ್ಲಿ ಕಬ್ಬು ಆಳೆತ್ತರ ಮೀರಿ ನಿಂತಿರುವುದರಿಂದ ಅಡ್ಡರಸ್ತೆಯಿಂದ ಬರುವುದೇನೂ ಕಾಣದು. ಬೆಳಗಿನಿಂದ ಓಡಿಸಿದ ನನಗೆ ಕಣ್ಣು ಉರಿಯುತ್ತಿತ್ತು. ಸಂಜೆಗತ್ತಲಲ್ಲಿ ಎದುರಿನ ದೀಪ ನನಗೆ ಆಗುವುದಿಲ್ಲ. ಸುರಿನಾಮ್ ಎಂಬ ಹಳ್ಳಿಯ ಬಳಿ ಕಾರು ನಿಲ್ಲಿಸಿ ಬೀಗದ ಕೈಯನ್ನು ಅಳಿಯಂದಿರಿಗೆ ಕೊಟ್ಟೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ‘ಇನ್ನೇನು, ಒಂದು ಗಂಟೆಯ ದಾರಿ’ ಎಂದೆ.

ಸುಯಾಕ್ ಊರಿನ ಗ್ರಿ-ಗ್ರಿ ಎಂಬ ಕಡಲಂಚಿನಲ್ಲಿ ಹತ್ತು ನಿಮಿಷ ನಿಂತೆವು. ದ್ವೀಪದ ಸುತ್ತಲೂ ಇರುವ ಹವಳದ ದಿಬ್ಬ ಅಲ್ಲಿ ಇಲ್ಲವಾದ್ದರಿಂದ ಅಲೆಗಳು ನೇರವಾಗಿ ಬಂಡೆಗೆ ಅಪ್ಪಳಿಸುತ್ತವೆ. ಹೊರಡುವಾಗ ಕಾರು ಹಿಂದಕ್ಕೆ ಸರಿದು, ಅಂಚಿಗೆ ನೆಟ್ಟಿದ್ದ ಕಪ್ಪುಕಲ್ಲಿಗೆ ತಾಗಿತು. ಅಲೆಯ ಸದ್ದಿನಲ್ಲಿ ಆ ಸದ್ದು ಕೇಳಿಸಿಕೊಂಡವರು ನಾವಷ್ಟೇ. ಇಳಿದು ನೋಡಿದರೆ ಹಿಂಬದಿಯ ಬಂಪರಿನಲ್ಲಿ ಅಂಗೈಯಗಲದ ಬಿರುಕು.

ಆ ರಾತ್ರಿ ನಾನು ಚಿಂತಿಸಿದ್ದು ಬಂಪರನ್ನು ಕುರಿತು ಮಾತ್ರ. ಅದೇ ಕಬ್ಬಿನ ಗದ್ದೆಯ ತಿರುವಿನಲ್ಲಿ ಕಲ್ಲಿನ ಬದಲು ಸೈಕಲ್ ಮೇಲಿನ ಮಗುವೊಂದು ಇದ್ದಿದ್ದರೆ, ಆ ಮಗುವಿನ ತಂದೆತಾಯಿ ವಿಮೆಗಾಗಿ ಯಾರ ಬಾಗಿಲು ಬಡಿಯಬೇಕಿತ್ತು ಎಂಬುದು ಊರಿಗೆ ಬಂದ ಮೇಲೆ ಹೊಳೆಯಿತು. ಎರಡನೆಯ ಹೆಸರಿನ ಹಣ ಸಂಸ್ಥೆಯ ದುರಾಸೆಯೆಂದು ನಾನು ಆಡಿಕೊಂಡಿದ್ದೆ. ಆ ಹೆಸರು ಕಾಯುತ್ತಿದ್ದುದು ರಸ್ತೆಯಲ್ಲಿ ನಡೆಯುವ ಅಪರಿಚಿತನನ್ನು.

ಮರಳಿಸುವ ದಿನ ಅದೇ ಹುಡುಗ ಅದೇ ಹಾಳೆಯೊಡನೆ ಬಂದ. ಬಿರುಕನ್ನು ಕಂಡು, ತಾನೇ ಮೊದಲು ಗುರುತಿಸದೆ ಬಿಟ್ಟೆನೋ ಎಂದು ಹಾಳೆಯನ್ನು ತಿರುಗಿಸಿ ನೋಡಿದ. ಅವನ ಮುಖ ಬಾಡಿತು. ಮೇಲ್ವಿಚಾರಕರು ಬಂದರು. ನಾನು ತಡಮಾಡಲಿಲ್ಲ. ‘ಇದು ಮೊದಲು ಇರಲಿಲ್ಲ, ನನ್ನ ಕೈಯಿಂದ ಆದದ್ದು’ ಎಂದೆ. ಅವರು ಒಂದು ನಮೂನೆ ಕೊಟ್ಟರು. ಘಟನೆಯ ಸ್ಥಳ, ಸಮಯ, ಚಾಲಕನ ಹೆಸರು. ಮೂರನೆಯ ಸಾಲಿನಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದೆ.

ಮೇಲ್ವಿಚಾರಕರು ಬಹಳ ಸಂತೋಷಪಟ್ಟರು. ಹತ್ತರಲ್ಲಿ ಒಂಬತ್ತು ಮಂದಿ ತಮಗೇನೂ ಗೊತ್ತಿಲ್ಲವೆನ್ನುತ್ತಾರೆ, ನಿಮ್ಮಂಥವರು ಅಪರೂಪ ಎಂದು ಕೈಕುಲುಕಿ, ದುರಸ್ತಿಗೆ ೬,೫೦೦ ಆಗುತ್ತಿದ್ದುದನ್ನು ೪,೦೦೦ಕ್ಕೆ ಇಳಿಸಿದರು. ಆಗ ಮೊಮ್ಮಗ ನನ್ನ ಅಂಗಿ ಜಗ್ಗಿ ಗಟ್ಟಿಯಾಗಿಯೇ ಕೇಳಿದ: ‘ತಾತ, ಓಡಿಸ್ತಿದ್ದದ್ದು ಅಪ್ಪ ಅಲ್ವಾ?’

ಕನ್ನಡ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ‘ಸುಮ್ನಿರು’ ಎಂದೆ. ಅಳಿಯಂದಿರು ಪೆಟ್ಟಿಗೆಗಳನ್ನು ಎಣಿಸತೊಡಗಿದರು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯೂ ಬರುತ್ತದೆ. ಸುಳ್ಳು ಸಾಲಪತ್ರ ಸೃಷ್ಟಿಸುವವರ ವಿಷಯವದೆಂದು ನಾನು ಬ್ಯಾಂಕಿನ ದಿನಗಳಲ್ಲಿ ತಿಳಿದಿದ್ದೆ. ತಪ್ಪನ್ನು ನನ್ನ ಮೇಲೆ ಹಾಕಿಕೊಂಡೆನಲ್ಲ, ಅದರಲ್ಲಿ ಕೇಡೇನು ಎಂದು ವಿಮಾನದಲ್ಲಿ ಕುಳಿತು ವಾದಿಸಿಕೊಂಡೆ. ಹುಡುಗನ ಮೇಲೆ ಅಪವಾದ ಬರಲಿಲ್ಲ, ಸಂಸ್ಥೆಗೆ ಹಣ ಸಂದಿತು, ಅಳಿಯಂದಿರ ಮಾನ ಉಳಿಯಿತು. ವಾದ ಚೆನ್ನಾಗಿಯೇ ಇತ್ತು. ಆದರೆ ಆ ೨,೫೦೦ ರೂಪಾಯಿಯ ರಿಯಾಯಿತಿ ನನ್ನ ಪ್ರಾಮಾಣಿಕತೆಗೆ ಸಂದ ಬೆಲೆ. ಅದನ್ನು ಇಸಿದುಕೊಂಡದ್ದು ಸುಳ್ಳು ಬರೆದ ಕೈ. ಇನ್ನು, ಸರಿಯಾದ ಪ್ರಶ್ನೆ ಕೇಳಿದವನೊಬ್ಬನೇ ಬೈಸಿಕೊಂಡಿದ್ದ.

ಮನೆಗೆ ಬಂದು ಹನ್ನೊಂದು ದಿನ ಕಳೆದ ಮೇಲೆ ಸಂಸ್ಥೆಗೆ ಇ-ಮೇಲ್ ಬರೆದೆ. ನಡೆದದ್ದನ್ನು ಇದ್ದಂತೆಯೇ ತಿಳಿಸಿ, ಬಾಕಿಯ ದುರಸ್ತಿ ವೆಚ್ಚವನ್ನೂ ಎರಡನೆಯ ಚಾಲಕನ ಶುಲ್ಕವನ್ನೂ ಠೇವಣಿಯಲ್ಲಿ ಮುರಿದುಕೊಳ್ಳಬಹುದೆಂದು ಹೇಳಿದೆ. ಕಳುಹಿಸುವ ಮೊದಲು ಅಳಿಯಂದಿರಿಗೆ ತೋರಿಸಿದೆ. ಅವರನ್ನು ಕೇಳದೆ ಅವರ ಹೆಸರು ಬರೆಯುವುದು ಸರಿಯಲ್ಲವೆನಿಸಿತು. ಅವರು ಎರಡು ಸಲ ಓದಿದರು. ‘ಕಳಿಸಿ ಮಾವ. ಆದರೆ ನನ್ನ ಹೆಸರಿರುವ ಸಾಲನ್ನು ನಾನೇ ಬರೀತೀನಿ’ ಎಂದು ಕುರ್ಚಿ ಎಳೆದುಕೊಂಡು ಕುಳಿತರು. ಮಗಳು ಒಳಗಿನಿಂದ, ‘ಮುಗಿದುಹೋದದ್ದನ್ನು ಯಾಕಪ್ಪ ಕೆದಕ್ತೀರ’ ಎಂದಳು. ಅವಳ ಮಾತಿನಲ್ಲೂ ಅರ್ಥವಿತ್ತು. ಗಂಡನ ಮೇಲೆ ಅಲ್ಲಿ ಏನಾದರೂ ದೂರು ದಾಖಲಾದೀತೆಂಬ ಅಂಜಿಕೆ ಅವಳದು.

ಎರಡು ವಾರಗಳ ನಂತರ ನಾಲ್ಕು ಸಾಲಿನ ಉತ್ತರ ಬಂದಿತು. ಐದು ದಿನಗಳ ಎರಡನೆಯ ಚಾಲಕನ ಶುಲ್ಕ ೧,೫೦೦ ಮತ್ತು ದುರಸ್ತಿಯ ಬಾಕಿ ೨,೫೦೦ ಕಳೆದುಕೊಂಡು ಉಳಿದ ಠೇವಣಿಯನ್ನು ಬಿಟ್ಟಿರುವುದಾಗಿಯೂ, ಮುಂದಿನ ಸಲ ಓಡಿಸುವವರೆಲ್ಲರ ಹೆಸರನ್ನೂ ಬರೆಯಿಸಬೇಕೆಂದೂ ತಿಳಿಸಿದ್ದರು. ಹೊಗಳಿಕೆಯ ಮಾತು ಒಂದೂ ಇರಲಿಲ್ಲ.

ಅದನ್ನು ಮೊಮ್ಮಗನಿಗೆ ಓದಿ ಹೇಳಿದೆ. ‘ಹಾಗಾದ್ರೆ ಅವತ್ತು ನಾನು ಹೇಳಿದ್ದು ಸರಿ’ ಎಂದ. ಸರಿ ಎಂದೆ.